ಮುದ್ರೆ ಬಿದ್ದ ಬಟ್ಟಲುಗಳು

ತಕ್ಕಡಿ ಸಾಹೇಬರ ಮನೆಯೊಳಗೆ ತೂಕವಾಗದೆ ಬರುತ್ತಿದ್ದುದು ಮೂರೇ: ಗಾಳಿ, ಬೆಳಕು ಮತ್ತು ಸಾಹೇಬರ ತಂಗಿ. ಉಳಿದಂತೆ ಸಕ್ಕರೆ, ಸೋಪಿನ ಪುಡಿ, ಹೊಲಿಗೆ ದಾರದ ಉಂಡೆ ಎಲ್ಲವೂ ಬಾಗಿಲ ಪಕ್ಕದ ಪುಟ್ಟ ಮೇಜಿನ ಮೇಲೆ ಒಂದು ಕ್ಷಣ ಕೂತು, ತಮ್ಮ ಪ್ರಾಮಾಣಿಕತೆಯನ್ನು ರುಜುವಾತು ಮಾಡಿ, ಆಮೇಲೆಯೇ ಅಡುಗೆಮನೆಗೆ ಹೋಗಬೇಕಾಗಿತ್ತು. ಸಾಹೇಬರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. ಇಲಾಖೆ ಅವರಿಗೆ ಹಾರ ಹಾಕಿ ಕಳಿಸಿಕೊಟ್ಟಿತ್ತು, ಆದರೆ ಅವರು ಮನೆಗೆ ಬರುವಾಗ ಇಲಾಖೆಯನ್ನೂ ಜೊತೆಗೇ ಕರೆದುಕೊಂಡು ಬಂದಿದ್ದರು.

ಆ ಕಟ್ಟಡದವರೆಲ್ಲ ಅವರನ್ನು ತಕ್ಕಡಿ ಸಾಹೇಬರು ಎಂದೇ ಕರೆಯುತ್ತಿದ್ದರು, ಪ್ರೀತಿಯಿಂದಲೇ. ಅವರ ಹೆಂಡತಿಯನ್ನು ಸಾಹೇಬರ ಹೆಂಡತಿ ಎನ್ನುತ್ತಿದ್ದರು. ಅದು ಪ್ರೀತಿಯಿಂದಲೋ, ಬೇರೇನೂ ಹೊಳೆಯದೆಯೋ, ಆಕೆ ವಿಚಾರಿಸಲು ಹೋಗಿರಲಿಲ್ಲ. ಫೋನ್ ಎತ್ತಿದರೆ ತನ್ನ ಬಾಯಿಂದಲೇ "ನಾನು ಸಾಹೇಬರ ಹೆಂಡತಿ ಮಾತಾಡ್ತಿರೋದು" ಎಂದು ಬರುತ್ತಿತ್ತು. ಒಮ್ಮೆ ಸ್ವಂತ ಅಕ್ಕನಿಗೇ ಹಾಗೆ ಹೇಳಿದಾಗ, ಆ ಕಡೆಯಿಂದ ಅಕ್ಕ "ಗೊತ್ತು ಮಾರಾಯ್ತಿ, ಮದುವೆಗೆ ನಾನೂ ಬಂದಿದ್ದೆ" ಎಂದಿದ್ದಳು.

ಗಂಡ ಇಡೀ ದಿನ ಮನೆಯಲ್ಲೇ ಇರತೊಡಗಿದ ಮೇಲೆ ಆಕೆಗೆ ವಾರಕ್ಕೆರಡು ಮಧ್ಯಾಹ್ನವಾದರೂ ಹೊರಗೆ ಹೋಗಲು ಒಂದು ನೆಪ ಬೇಕಿತ್ತು. ಗ್ರಂಥಾಲಯದ ಹಿಂದಿನ ಶೆಡ್ಡಿನಲ್ಲಿ ಕುಂಬಾರಿಕೆ ಕಲಿಸುತ್ತಿದ್ದರು. ಮೊದಮೊದಲು ತಿರುಗುವ ತಿಗರಿಯ ಮೇಲಿಟ್ಟ ಮಣ್ಣು ಅವಳ ಕೈ ತಪ್ಪಿಸಿಕೊಂಡು ಪಕ್ಕದವರ ಮಡಿಲಿಗೆ ಹಾರುತ್ತಿತ್ತು. ಹೀಗೇ ಒಂದು ಮಧ್ಯಾಹ್ನ, ಯಾಕೋ ಏನೋ, ಅಂಗೈಗಳ ನಡುವೆ ಸುಮ್ಮನೆ ನಿಂತಿತು. ಮಕ್ಕಳು ಹಟ ಮಾಡಿ ಮಾಡಿ ಕೊನೆಗೆ ಹೆಗಲಿಗೆ ತಲೆಯಿಟ್ಟು ಮಲಗುತ್ತವಲ್ಲ, ಹಾಗೆ. ಅಂದಿನಿಂದ ನೆಪ ಹೋಗಿ ಹುಚ್ಚು ಶುರುವಾಯಿತು.

ಬಟ್ಟಲುಗಳನ್ನು ಮಾಡಿದಳು. ಬಡಿಸಲು ಒಂದು ದೊಡ್ಡದು, ಉಣ್ಣಲು ಆರು ಸಣ್ಣವು. ಅವಕ್ಕೆ ಹೊಳಪಿನ ಲೇಪ, ಅಂದರೆ ಗ್ಲೇಜು, ಹಚ್ಚಲಿಲ್ಲ. ಶೆಡ್ಡಿನ ಕಪಾಟಿನಲ್ಲಿದ್ದ ಗ್ಲೇಜಿನ ಪಾತ್ರೆಗಳು 'ನಮ್ಮನ್ನು ನೋಡಿ' ಎನ್ನುತ್ತಿದ್ದವು. ಗ್ಲೇಜಿಲ್ಲದವು ಸುಮ್ಮನಿದ್ದವು, ಆದರೂ ಕೈ ತಾನಾಗಿ ಅವುಗಳ ಕಡೆಗೆ ಹೋಗುತ್ತಿತ್ತು. ಮುಟ್ಟಿದರೆ ಹೊಳೆಯ ಕಲ್ಲಿನ ಹಾಗೆ, ಸ್ವಲ್ಪ ಒರಟು, ಸ್ವಲ್ಪ ತಣ್ಣಗೆ. ಹಾಗೆ ಬರಿಮೈಯಲ್ಲಿರುವ ಪಾತ್ರೆಯಲ್ಲಿ ಊಟ ಮಾಡಬಹುದೇ, ಯಾವಾಗ ಮಾಡಬಾರದು ಎಂದು ಟೀಚರು ವಿವರವಾಗಿ ಹೇಳಿದ ದಿನ ಆಕೆ ತಲೆ ಬಗ್ಗಿಸಿ, ಬಟ್ಟಲಿನ ಬುಡಕ್ಕೂ ಹೊಟ್ಟೆಗೂ ನಡುವೆ ಸೊಂಟದಂಥ ಒಂದು ಗೀರು ಕೊರೆಯುವುದರಲ್ಲಿ ಮುಳುಗಿದ್ದಳು. ಕಿವಿಗೆ ಬಿದ್ದದ್ದು "ಸ್ಟೋನ್‌ವೇರ್, ಪೂರ್ತಿ ಬೆಂದ್ರೆ ಕಲ್ಲು" ಎಂಬಷ್ಟು ಮಾತ್ರ. ಅಷ್ಟನ್ನೇ ಗಟ್ಟಿ ಮಾಡಿಕೊಂಡು ಮನೆಗೆ ಬಂದಳು. ಮುಂದಿನ ರಾದ್ಧಾಂತಕ್ಕೆ ಅಷ್ಟು ವಿದ್ಯೆ ಸಾಕಾಯಿತು.

ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿ ತಂದಿದ್ದ ಬಟ್ಟಲುಗಳನ್ನು ಊಟದ ಮೇಜಿನ ಮೇಲೆ ಒಂದೊಂದಾಗಿ ಬಿಚ್ಚಿಡುವಾಗ ಸಾಹೇಬರ ತಂಗಿ ಅಲ್ಲೇ ಇದ್ದಳು. ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾದ ಆಕೆಗೆ ಎದುರಿಗಿರುವವರೆಲ್ಲ ಐದನೇ ತರಗತಿಯವರೇ. ಕೆಳಗಿನ ಔಷಧಿ ಅಂಗಡಿಯಾತ ಎರವಲು ಒಯ್ದಿದ್ದ ಏಣಿಯನ್ನು ವಾಪಸು ಕೊಡಲು ಬಂದು, ಕೊಟ್ಟಾದ ಮೇಲೂ ನಿಂತಿದ್ದ.

"ಚೆನ್ನಾಗಿದೆ ಅತ್ತಿಗೆ," ಎಂದಳು ನಾದಿನಿ. "ಬಣ್ಣ ಹಚ್ಚೋದು ಯಾವಾಗ?"

"ಹಚ್ಚಲ್ಲ. ಇಷ್ಟೇ."

"ಇಷ್ಟೇ ಅಂದ್ರೆ? ಮುಗಿದಿದೆಯಾ?"

"ಮುಗಿದಿದೆ."

ಅರ್ಧ ಲೆಕ್ಕ ಬರೆದು ತಂದು 'ಇಷ್ಟೇ ಮಿಸ್' ಎನ್ನುವ ಹುಡುಗಿಯನ್ನು ನೋಡುವ ಹಾಗೆ ನಾದಿನಿ ಅತ್ತಿಗೆಯನ್ನು ನೋಡಿದಳು.

"ಭಾನುವಾರ ಎಲ್ಲರಿಗೂ ಇದರಲ್ಲೇ ಊಟ," ಎಂದಳು ಸಾಹೇಬರ ಹೆಂಡತಿ. ಈ ಮಾತನ್ನು ಅವಳು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದಳು. ಆ ಮೇಜಿನ ಮೇಲೆ ಇಷ್ಟು ವರ್ಷ ಅವಳು ಬೇಯಿಸಿದ್ದೆಲ್ಲ ಬಂದಿದೆ, ಹೋಗಿದೆ. ಉಂಡ ಮೇಲೂ ಉಳಿಯುವಂಥದ್ದು, ತೊಳೆದಿಟ್ಟರೆ ನಾಳೆಯೂ ಅಲ್ಲೇ ಇರುವಂಥದ್ದು, ಅವಳ ಕೈಯಿಂದ ಬಂದದ್ದು ಇದೇ ಮೊದಲು.

ಸಾಹೇಬರು ಒಂದು ಬಟ್ಟಲನ್ನು ಅಂಗೈ ಮೇಲಿಟ್ಟುಕೊಂಡು ಮೇಲೆ ಕೆಳಗೆ ಆಡಿಸಿದರು. ಅದು ಅವರ ಅಭ್ಯಾಸ. ಯಾರಾದರೂ ಎಳೆಗೂಸನ್ನು ಕೈಗೆ ಕೊಟ್ಟರೂ ಹಾಗೇ ಮಾಡುತ್ತಿದ್ದರು.

"ಮಣ್ಣು ನೀರು ಕುಡಿಯುತ್ತೆ ಅತ್ತಿಗೆ. ನೀರು ಕುಡಿಯೋದು ಎಣ್ಣೆನೂ ಕುಡಿಯುತ್ತೆ, ಸೂಪೂ ಕುಡಿಯುತ್ತೆ. ಈ ಭಾನುವಾರದ ಸೂಪನ್ನ ನಾವು ಮುಂದಿನ ಭಾನುವಾರವೂ ಕುಡೀಬೇಕಾಗುತ್ತೆ."

"ಇದು ಸ್ಟೋನ್‌ವೇರ್," ಎಂದಳು ಆಕೆ, ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಗಾಂಭೀರ್ಯದಿಂದ. "ಪೂರ್ತಿ ಬೆಂದಿದೆ. ಕಲ್ಲಾಗಿದೆ."

"ಯಾರು ಹೇಳಿದ್ದು?"

"ನಮ್ಮ ಟೀಚರು."

"ಆಕೆಗೆ ವಯಸ್ಸೆಷ್ಟು?"

ಔಷಧಿ ಅಂಗಡಿಯಾತ ಗಂಟಲು ಸರಿಮಾಡಿಕೊಂಡ. "ಅಲ್ಲಮ್ಮ, ಇಂಥ ಪಾತ್ರೆಗಳಲ್ಲಿ ಸೀಸ ಇರುತ್ತೆ ಅಂತಾರಪ್ಪ. ನರಗಳಿಗೆ ಒಳ್ಳೇದಲ್ಲ. ನಾನೇನೂ ಹೇಳಲ್ಲ, ಇರುತ್ತೆ ಅಂತಾರೆ ಅಷ್ಟೇ." ಹೀಗೆ ಏನೂ ಹೇಳದೆ ಆತ ಕೆಳಗಿಳಿದು ಹೋದ. ಇಳಿಯುವಾಗ ದಾರಿಯಲ್ಲಿ ಸಿಕ್ಕ ಪ್ರತಿ ಬಾಗಿಲಿನಲ್ಲೂ ನಿಂತು ಇದೇ ರೀತಿ ಏನೂ ಹೇಳದೆ ಹೋದನೆಂದು ಕಾಣುತ್ತದೆ. ಯಾಕೆಂದರೆ ಮರುದಿನ ಮೆಟ್ಟಿಲ ಮೇಲೆ ಸಿಕ್ಕ ಕೆಳಮಹಡಿಯ ದರ್ಜಿಯ ಹೆಂಡತಿ ದನಿ ತಗ್ಗಿಸಿ ಕೇಳಿದಳು: "ನಿಮ್ಮನೆ ಬಟ್ಟಲಲ್ಲಿ ವಿಷ ಇದೆಯಂತೆ, ಹೌದಾ? ಅಲ್ಲ, ಭಾನುವಾರ ನಮ್ಮನ್ನೂ ಕರೆದಿದ್ರಿ. ನಮ್ಮವರಿಗೆ ಭಾನುವಾರ ಹೊಟ್ಟೆನೋವು ಬರೋ ಹಾಗಿದೆ."

ಸಾಹೇಬರು ತೀರ್ಪು ಕೊಟ್ಟರು. "ನೋಡೇ, ನನಗೆ ನಿನ್ನ ಮೇಲೆ ಅನುಮಾನ ಇಲ್ಲ. ಆದ್ರೆ ಪರೀಕ್ಷೆ ಆಗ್ದೆ ಮೇಜಿನ ಮೇಲೆ ಬರೋ ಹಾಗಿಲ್ಲ. ಪಾಸಾದ್ರೆ ಊಟಕ್ಕೆ. ಇಲ್ದಿದ್ರೆ ಬಾಲ್ಕನಿಗೆ."

ಬಾಲ್ಕನಿ ಎಂದರೆ ಗಿಡಗಳು. ನಾದಿನಿ ಆಗಲೇ ದೊಡ್ಡ ಬಟ್ಟಲಿನ ಮೇಲೆ ತನ್ನ ಕಳ್ಳಿಗಿಡದ ಪರವಾಗಿ ಕಣ್ಣಿಟ್ಟಿದ್ದಳು.

ಆಕೆ ಟೀಚರಿಗೆ ಫೋನ್ ಮಾಡಿದಳು. ಕೆನ್ನೆಯ ಮೇಲೆ ಸದಾ ಒಣಗಿದ ಮಣ್ಣಿರುವ ಆ ಹುಡುಗಿ ಸಿಟ್ಟಾಗದೆ ಮತ್ತೊಮ್ಮೆ ಹೇಳಿದಳು. "ಸೀಸದ ಭಯ ಇರೋದು ಕೆಲವು ಗ್ಲೇಜಲ್ಲಿ ಆಂಟಿ. ನೀವು ಗ್ಲೇಜೇ ಹಚ್ಚಿಲ್ಲ. ನಮ್ಮ ಮಣ್ಣಿಗೆ ಬಣ್ಣದ ಪುಡಿನೂ ಸೇರಿಸಿಲ್ಲ. ಉಳಿದದ್ದು ಒಂದೇ, ಸುಡೋ ಗೂಡಲ್ಲಿ ಪೂರ್ತಿ ಬೆಂದಿದೆಯಾ ಅಂತ. ಅರೆಬೆಂದಿದ್ರೆ ನಿಮ್ಮ ನಾದಿನಿ ಹೇಳಿದ್ದೇ ಸರಿ, ನೀರು ಹೀರುತ್ತೆ, ಒಳಗೇ ಹಳಸುತ್ತೆ. ಅದನ್ನ ನೋಡೋದು ಸುಲಭ. ಚೆನ್ನಾಗಿ ಒಣಗಿಸಿ ತೂಗಿ. ನೀರಲ್ಲಿ ಮುಳುಗಿಸಿ ಕುದಿಸಿ, ಅದರಲ್ಲೇ ಆರೋಕೆ ಬಿಡಿ. ಒರೆಸಿ ಮತ್ತೆ ತೂಗಿ. ನೂರಕ್ಕೆ ಒಂದು ಪಾಲೂ ಏರಿಲ್ಲ ಅಂದ್ರೆ ಧೈರ್ಯವಾಗಿ ಉಣ್ಣಿ. ಅದಕ್ಕಿಂತ ಜಾಸ್ತಿ ಏರಿದ್ರೆ ಗಿಡ ನೆಡಿ."

"ತೂಗಬೇಕಾ?" ಎಂದಳು ಆಕೆ, ಮೆಲ್ಲಗೆ.

ಎಷ್ಟು ಮೆಲ್ಲಗೆ ಹೇಳಿದರೇನು. ಪಕ್ಕದ ಕುರ್ಚಿಯಲ್ಲಿ ಸಾಹೇಬರ ಮುಖದ ಮುಂದಿದ್ದ ಪತ್ರಿಕೆ ನಿಧಾನವಾಗಿ ಕೆಳಗಿಳಿಯಿತು. ನಿವೃತ್ತಿಯ ನಂತರ ಆ ಮುಖದಲ್ಲಿ ಇಂಥ ಬೆಳಕನ್ನು ಆಕೆ ನೋಡಿರಲಿಲ್ಲ.

ಶನಿವಾರ ಬೆಳಿಗ್ಗೆ ಸಾಹೇಬರು ಆಫೀಸಿನ ಅಂಗಿ ತೊಟ್ಟು ಅಡುಗೆಮನೆಗೆ ಬಂದರು. ಸಾಕ್ಷಿಗಳಾಗಿ ತಂಗಿ ಮತ್ತು ಔಷಧಿ ಅಂಗಡಿಯಾತ. ಬೀಳ್ಕೊಡುಗೆಯ ದಿನ ಸಹೋದ್ಯೋಗಿಗಳು ಕೊಟ್ಟಿದ್ದ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಮೇಜಿನ ಮೇಲಿಟ್ಟು, ನಾಲ್ಕು ಕಾಲಿನ ಕೆಳಗೂ ಕಾಗದ ಮಡಿಸಿ ತೂರಿಸಿ, ಸಮ ಮಾಡಿದರು. ಓವನ್ನಿನಲ್ಲಿ ಒಣಗಿ ಆರಿದ ಬಟ್ಟಲುಗಳನ್ನು ಹೆಂಡತಿ ಒಂದೊಂದಾಗಿ ಕೊಟ್ಟಳು. ಸಾಹೇಬರು ತೂಕ ಕೂಗಿದರು, ತಂಗಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡಳು. ಒಂದೊಂದನ್ನು ತೂಗಿದ ಕೂಡಲೇ ಸಾಹೇಬರು ಜೇಬಿನಿಂದ ಸಮನಾಗಿ ಕತ್ತರಿಸಿಟ್ಟ ತಂತಿಯ ತುಂಡೊಂದನ್ನು ತೆಗೆದು, ಬಟ್ಟಲಿನ ಸೊಂಟಕ್ಕೆ ಬಿಗಿದು, ಎರಡೂ ತುದಿಗಳನ್ನು ಒಂದು ಪುಟ್ಟ ಲೋಹದ ಗುಂಡಿನ ತೂತಿನಲ್ಲಿ ಪೋಣಿಸಿ, ಹಳೆಯ ಇಕ್ಕಳದಿಂದ ಕಟಕ್ಕನೆ ಒತ್ತಿದರು.

"ಇದೇನ್ರೀ?"

"ಸೀಲು. ತೂಕವಾದ ಮಾಲು ಮುದ್ರೆ ಇಲ್ದೆ ನಿಲ್ಲಬಾರದು. ಮಧ್ಯದಲ್ಲಿ ಅದಲುಬದಲು ಆಗುತ್ತೆ."

"ಅದಲುಬದಲು ಯಾರು ಮಾಡ್ತಾರೆ? ನಾನಾ?"

"ನೀನಲ್ಲ ಕಣೇ. ಪದ್ಧತಿ."

ಪದ್ಧತಿ ಎಂಬ ಮಾತಿಗೆ ಆ ಮನೆಯಲ್ಲಿ ಮೇಲ್ಮನವಿ ಇರಲಿಲ್ಲ. ಅವಳು ಅಷ್ಟು ಆಸೆಯಿಂದ ಕೊರೆದಿದ್ದ ಗೀರಿನೊಳಗೆ ತಂತಿ ಅಳತೆ ಕೊಟ್ಟು ಮಾಡಿಸಿದಂತೆ ಕೂತುಬಿಟ್ಟಿತು. ಗುಂಡು ಬುಡದ ಕೆಳಗಿನ ಗುಳಿಯಲ್ಲಿ ಅಡಗಿತು. ಹೊರಗಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ.

ಬಟ್ಟಲುಗಳು ದೊಡ್ಡ ಪಾತ್ರೆಯಲ್ಲಿ ಕುದ್ದವು. ಆಪರೇಷನ್ ಥಿಯೇಟರಿನ ಹೊರಗೆ ಕೂತವರಂತೆ ನಾಲ್ವರೂ ಅಡುಗೆಮನೆಯ ಬಾಗಿಲಲ್ಲಿ ಕೂತರು. ಒಲೆ ಆರಿಸಿ ನೀರು ತಣ್ಣಗಾಗುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಸಾಹೇಬರು ಮೊದಲ ಬಟ್ಟಲನ್ನು ಒರೆಸಿ, ಮುದ್ರೆ ಭದ್ರವಾಗಿದೆಯೆಂದು ಮೂವರಿಗೂ ತೋರಿಸಿ, ತಕ್ಕಡಿಯ ಮೇಲಿಟ್ಟರು.

"ಹನ್ನೆರಡು ಗ್ರಾಂ ಏರಿದೆ."

ಎರಡನೆಯದನ್ನಿಟ್ಟರು. "ಹನ್ನೆರಡು."

ಮೂರನೆಯದು, ನಾಲ್ಕನೆಯದು, ಐದನೆಯದು, ಆರನೆಯದು. ಪ್ರತಿ ಸಲವೂ ಸಾಹೇಬರ ದನಿ ಒಂದೊಂದು ಮೆಟ್ಟಿಲು ಇಳಿಯುತ್ತ ಹೋಯಿತು. ನ್ಯಾಯವಾಗಿ ಹೇಳಬೇಕೆಂದರೆ, ಬಟ್ಟಲುಗಳು ಪಾಸಾಗಲಿ ಎಂದು ಆ ಮನೆಯಲ್ಲಿ ಹೆಂಡತಿಯಷ್ಟೇ ಆಸೆಪಟ್ಟವರು ಅವರೇ. ಆದರೆ ಆಸೆಯನ್ನು ತಕ್ಕಡಿಯಲ್ಲಿ ಹಾಕುವವರಲ್ಲ ಅವರು. ಕೊನೆಗೆ ದೊಡ್ಡ ಬಟ್ಟಲನ್ನಿಟ್ಟು, ಹೆಂಡತಿಯ ಮುಖ ನೋಡದೆ ಹೇಳಿದರು: "ಇದೂ ಹನ್ನೆರಡೇ."

"ಸಣ್ಣವು ನೂರಕ್ಕೆ ಆರು," ಎಂದು ಲೆಕ್ಕ ಹಾಕಿದಳು ತಂಗಿ. "ಫೇಲ್."

ಸುದ್ದಿ ಕೆಳಗೆ ಹೋದದ್ದೇ ತಡ, ಸಾಂತ್ವನ ಮೇಲೆ ಬಂತು. ದರ್ಜಿಯ ಹೆಂಡತಿ ಬಿಸ್ಕತ್ತು ತಂದಳು. ಭಾನುವಾರ ಬರಬೇಕಿದ್ದ ಹೊಟ್ಟೆನೋವು ವಾಸಿಯಾಗಿದೆ, ಸ್ಟೀಲ್ ತಟ್ಟೆಯಾದರೆ ಖಂಡಿತ ಬರುತ್ತೇವೆ ಎಂದಳು. ಔಷಧಿ ಅಂಗಡಿಯಾತ, ಯಾರೂ ಕೇಳದಿದ್ದರೂ, ಆಕೆಯ ನಾಡಿ ಹಿಡಿದು ನೋಡಿದ. ನಾದಿನಿ ಅತ್ತಿಗೆಯ ಬೆನ್ನು ಸವರಿದಳು. "ಬೇಜಾರು ಮಾಡ್ಕೋಬೇಡಿ. ಕಲಿಯೋರ ಕೈಯಲ್ಲಿ ಇದೆಲ್ಲ ಇದ್ದದ್ದೇ. ಆ ದೊಡ್ಡದು ನನಗಿರಲಿ. ನಮ್ಮ ಕಳ್ಳಿಗಿಡಕ್ಕೆ ಹೇಳಿ ಮಾಡಿಸಿದ ಹಾಗಿದೆ."

ಎಲ್ಲರೂ ಒಳಗೆ ಚಹಾ ಕುಡಿಯುತ್ತಿರುವಾಗ ಆಕೆ ಬಟ್ಟಲುಗಳನ್ನು ಹೊತ್ತು ಬಾಲ್ಕನಿಗೆ ಬಂದಳು. ಗಿಡಗಳ ನಡುವೆ ಸಾಲಾಗಿಟ್ಟು, ಪಕ್ಕದಲ್ಲಿ ತಾನೂ ಕೂತಳು. ಎದುರಿನ ತಂತಿಯ ಮೇಲೆ ಯಾರದೋ ಮನೆಯ ಕಾಲುಚೀಲಗಳು ಒಣಗುತ್ತಿದ್ದವು. ಅಳು ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಅವಳು ಬಯಸಿದ್ದು ದೊಡ್ಡದೇನೂ ಅಲ್ಲ. ಗಂಡ ಎರಡೂ ಅಂಗೈಯಲ್ಲಿ ಬಟ್ಟಲನ್ನು ಹಿಡಿದು, ಅದರ ಬಿಸಿಯನ್ನು ಬೆರಳುಗಳಲ್ಲಿ ತುಂಬಿಕೊಂಡು, ಒಂದು ಗುಟುಕು ಕುಡಿಯುವುದನ್ನು ನೋಡಬೇಕಿತ್ತು. ಅವರು ಹೊಗಳಬೇಕಾಗಿಯೂ ಇರಲಿಲ್ಲ. ಹೊಗಳಿಕೆಯನ್ನು ಅವರು ಗ್ರಾಂ ಲೆಕ್ಕದಲ್ಲಿ ಕೊಡುವವರೆಂದು ಅವಳಿಗೆ ಗೊತ್ತಿತ್ತು.

ಹನ್ನೆರಡು ಎಂಬ ಮಾತು ಕಿವಿಯಲ್ಲಿ ತಿರುಗುತ್ತಲೇ ಇತ್ತು. ದೊಡ್ಡದೂ ಹನ್ನೆರಡು, ಸಣ್ಣದೂ ಹನ್ನೆರಡು. ಹೇಗಾಯಿತು ಅದು? ಇಷ್ಟು ವರ್ಷ ಸೌಟು ಹಿಡಿದು ಅವಳು ಕಂಡಿದ್ದಾಳೆ. ಗಂಡನ ಹೊಟ್ಟೆ ಬೇರೆ, ನಾದಿನಿಯ ಹೊಟ್ಟೆ ಬೇರೆ. ದರ್ಜಿ ಎರಡು ಸೌಟಿಗೆ ಕೈ ಅಡ್ಡ ಹಿಡಿದರೆ ಅವನ ಹೆಂಡತಿ ಮೂರನೆಯದಕ್ಕೆ ಬಟ್ಟಲು ಮುಂದೆ ಚಾಚುತ್ತಾಳೆ. ಒಂದೇ ಮನೆಯಲ್ಲಿ ಹುಟ್ಟಿದವರೂ ಒಂದೇ ಅಳತೆ ಉಣ್ಣುವುದಿಲ್ಲ. ಅಂಥದ್ದರಲ್ಲಿ ಆನೆಯಂಥ ಬಟ್ಟಲೂ ಇಲಿಮರಿಯಂಥ ಬಟ್ಟಲೂ ಮಾತಾಡಿಕೊಂಡವರಂತೆ ಸಮಸಮ ಕುಡಿದವೇ?

ಸಣ್ಣದೊಂದನ್ನು ಮಡಿಲಿಗೆ ಎಳೆದುಕೊಂಡು ಮಗುಚಿ ಹಾಕಿದಳು. ಬುಡದ ಗುಳಿಯಲ್ಲಿ ಬೆರಳಾಡಿಸಿದಾಗ ಗುಂಡು ತಗುಲಿತು.

ಮೊದಲು ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಳ್ಳಬೇಕಾಯಿತು. ನಗುವಿನ ಹಿಂದೆಯೇ ಸಿಟ್ಟು ಬಂತು: ಅದಲುಬದಲಾಗುತ್ತದಂತೆ! ಒಳಗೆ ಹೋಗಿ, ನಾದಿನಿಯ ಮುಂದೆ, ಔಷಧಿ ಅಂಗಡಿಯಾತನ ಮುಂದೆ, ಬಿಸ್ಕತ್ತಿನ ಮುಂದೆ, ಗುಂಡನ್ನು ಮೇಜಿನ ಮೇಲೆ ಕುಕ್ಕಿ ನಾಲ್ಕು ಮಾತು ಆಡಿದರೆ ಆಯಿತು. ಮಾತುಗಳು ನಾಲಿಗೆಯ ತುದಿಗೇ ಬಂದು ನಿಂತಿದ್ದವು. ಇದೇ ಸಾಹೇಬರು ಎಷ್ಟು ಸಿಹಿತಿಂಡಿ ಅಂಗಡಿಗಳ ಮೇಲೆ ಕೇಸು ಹಾಕಿಲ್ಲ, ತಿಂಡಿಯ ಜೊತೆ ರಟ್ಟಿನ ಡಬ್ಬಿಯನ್ನೂ ತೂಗಿದರೆಂದು! ಆ ಕಥೆಗಳನ್ನು ಆಕೆ ಎಷ್ಟು ಊಟಗಳ ಜೊತೆ ನಂಜಿಕೊಂಡಿಲ್ಲ!

ಎದ್ದಳು. ಬಾಗಿಲವರೆಗೆ ಹೋದಳು. ಒಳಗೆ ಸಾಹೇಬರು ತಕ್ಕಡಿಯ ಕಾಲಿನ ಕೆಳಗಿನ ಕಾಗದದ ಚೂರುಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಿದ್ದರು. ಆಫೀಸಿನ ಅಂಗಿಯ ಕಾಲರು ಒಂದು ಕಡೆ ಮಡಿಚಿಕೊಂಡಿತ್ತು. ಅವಳು ಅಲ್ಲೇ ನಿಂತು ಕೂಗಿದಳು, ಸಾಧಾರಣ ದನಿಯಲ್ಲಿ: "ರೀ, ಇಕ್ಕಳ ತಗೊಂಡು ಸ್ವಲ್ಪ ಈಚೆ ಬನ್ನಿ. ಗಿಡ ನೆಡೋ ಮುಂಚೆ ಸೀಲು ಒಡೀಬೇಕಲ್ಲ."

ಸಾಹೇಬರು ಬಂದರು. ಬಟ್ಟಲು ಮಗುಚಿ ತಂತಿ ಕತ್ತರಿಸಿದರು. ಗುಂಡು ತಂತಿಯ ಸಮೇತ ಅವರ ಅಂಗೈಗೆ ಬಿತ್ತು. ಕೈ ಅಭ್ಯಾಸದಂತೆ ಮೇಲೆ ಹೋಯಿತು, ಕೆಳಗೆ ಬಂತು. ಮತ್ತೊಮ್ಮೆ ಮೇಲೆ ಹೋಗಿ ಅಲ್ಲೇ ನಿಂತುಬಿಟ್ಟಿತು.

"ಹನ್ನೆರಡು," ಎಂದರು ಸಾಹೇಬರು, ತಮಗೆ ಮಾತ್ರ ಕೇಳುವ ಹಾಗೆ.

ಆಮೇಲೆ ಮಗುಚಿಟ್ಟಿದ್ದ ಬಕೆಟ್ಟಿನ ಮೇಲೆ ಕೂತರು. ಸ್ವಲ್ಪ ಹೊತ್ತು ಎದುರಿನ ಕಾಲುಚೀಲಗಳನ್ನು ಇಬ್ಬರೂ ನೋಡಿದರು.

"ನಿನಗೆ ಗೊತ್ತಾಗಿತ್ತಾ?"

"ಈಗ ತಾನೆ."

"ಅವರ ಮುಂದೆನೇ ಹೇಳಬಹುದಿತ್ತಲ್ಲ."

"ಸೀಲು ಒಡೆಯೋ ಅಧಿಕಾರ ನನಗೆಲ್ಲಿದೆ?"

ಸಾಹೇಬರು ಹೆಂಡತಿಯ ಕಡೆ ತಿರುಗಿ ನೋಡಿದರು. ಅವಳ ಮುಖದಲ್ಲಿ ಕೊಂಕು ಇದೆಯೋ ಕರುಣೆ ಇದೆಯೋ ತೂಗಿ ನೋಡುವ ಹಾಗೆ ಬಹಳ ಹೊತ್ತು ನೋಡಿದರು. ಎರಡೂ ಇದ್ದವು. ಅವರು ಎದ್ದು, ಕಾಲರು ಸರಿಮಾಡಿಕೊಂಡು, ನೇರವಾಗಿ ಮುಂಬಾಗಿಲಿಗೆ ಹೋದರು. ಮೆಟ್ಟಿಲ ಕಟಾಂಜನ ಹಿಡಿದು, ಹಿಂದೆ ಸಂತೆಗಳಲ್ಲಿ ಕೂಗುತ್ತಿದ್ದ ದನಿಯಲ್ಲಿ ಘೋಷಿಸಿದರು:

"ಎಲ್ಲರೂ ಕೇಳಿ! ಇವತ್ತಿನ ತೂಕದಲ್ಲಿ ತಪ್ಪಾಗಿದೆ! ತಪ್ಪು ಬಟ್ಟಲಿನದಲ್ಲ, ತೂಗಿದವನದು! ಮೊದಲು ಸೀಲಿಲ್ಲದೆ ತೂಗಿ, ಆಮೇಲೆ ಸೀಲು ಸಮೇತ ತೂಗಿದ್ದೀನಿ!"

ಬಾಗಿಲುಗಳು ತೆರೆದುಕೊಂಡವು. ದರ್ಜಿ ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಹೊರಬಂದ. ಚಹಾದ ಲೋಟ ಹಿಡಿದು ಹಿಂದೆ ಬಂದಿದ್ದ ಔಷಧಿ ಅಂಗಡಿಯಾತ, ಸಾಹೇಬರ ಅಂಗೈಯೊಳಗೆ ಇಣುಕಿದ.

"ಸಾಹೇಬರೇ, ಈ ಗುಂಡು ಯಾವುದರದ್ದು?"

"ಸೀಲಿನ ಗುಂಡು ಯಾವುದರದ್ದಿರುತ್ತೆ? ಸೀಸದ್ದು."

ಹೇಳಿದ ಮೇಲೆ ಆ ಮಾತು ಸಾಹೇಬರ ಕಿವಿಗೂ ಬಿತ್ತು.

"ಅಂದ್ರೆ," ಎಂದ ಔಷಧಿ ಅಂಗಡಿಯಾತ ನಿಧಾನವಾಗಿ, "ಇಡೀ ಬೆಳಿಗ್ಗೆ ಕೂತು ಸೀಸ ಕುದಿಸಿದ್ವಾ?"

"ಅಣ್ಣಾ!" ಎಂದು ಹಣೆ ಹಿಡಿದುಕೊಂಡಳು ಮುಖ್ಯೋಪಾಧ್ಯಾಯಿನಿ. ಸಾಹೇಬರ ಹೆಂಡತಿಗೆ ಇನ್ನು ತಡೆಯಲಾಗಲಿಲ್ಲ. ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಆ ಮೆಟ್ಟಿಲುಗಳು ಅದೇ ಮೊದಲು ಕೇಳಿದ್ದು. ಮೊದಲು ದರ್ಜಿಯ ಹೆಂಡತಿ, ಆಮೇಲೆ ಸೂಜಿ ತೆಗೆದು ದರ್ಜಿ, ಕೊನೆಗೆ ಸಾಹೇಬರೂ ನಕ್ಕರು.

ಮುಂದಿನ ಕೆಲಸವನ್ನೆಲ್ಲ ಆಕೆ ತಾನೇ ಕೈಗೆತ್ತಿಕೊಂಡಳು. ಮುದ್ರೆಗಳನ್ನೆಲ್ಲ ಒಡೆಸಿದಳು. ಬಟ್ಟಲುಗಳನ್ನು ಬ್ರಷ್ಷಿನಿಂದ ಉಜ್ಜಿ ಉಜ್ಜಿ ತೊಳೆದು, ಮತ್ತೆ ಒಣಗಿಸಿ ತೂಗಿಸಿ, ಬೇರೆ ಪಾತ್ರೆಯ ಹೊಸ ನೀರಿನಲ್ಲಿ ಕುದಿಸಿ, ಆರಿಸಿ, ಒರೆಸಿ, ಗಂಡನ ಮುಂದಿಟ್ಟಳು. ಈ ಸಲ ಸಣ್ಣವು ಕೂದಲೆಳೆಯಷ್ಟೂ ಏರಲಿಲ್ಲ. ದೊಡ್ಡದೂ ಏರಲಿಲ್ಲ. ಹಳೆಯ ಲೆಕ್ಕಕ್ಕೆ ಗೀಟೆಳೆದು ಸ್ವತಃ ನಾದಿನಿಯೇ 'ಪಾಸ್' ಎಂದು ಬರೆದಳು. ಸೀಸ ಕುದ್ದ ಹಳೆಯ ಪಾತ್ರೆ ಇನ್ನು ಅಡುಗೆಗೆ ಬಾರದು ಎಂದು ಅದನ್ನು ಅವಳಿಗೇ ಕೊಟ್ಟರು. ಕಳ್ಳಿಗಿಡಕ್ಕೆ ಅದೂ ಹೇಳಿ ಮಾಡಿಸಿದಂತೆಯೇ ಇತ್ತು.

"ತಪ್ಪು ತೂಕಕ್ಕೆ ದಂಡ ಇದೆ ಅಲ್ವಾ?" ಎಂದಳು ಹೆಂಡತಿ ಆ ರಾತ್ರಿ.

"ಇದೆ," ಎಂದರು ಸಾಹೇಬರು. "ಎಷ್ಟು ಅಂತ ನೀನೇ ಹೇಳು."

"ನಾಳೆ ಬಡಿಸೋದು ನೀವು. ನಾನು ಕೂತು ಉಣ್ತೀನಿ."

ಭಾನುವಾರ ಸಾಹೇಬರು ಸೌಟು ಹಿಡಿದು ನಿಂತರು. ದೊಡ್ಡ ಬಟ್ಟಲಿನಿಂದ ಎಲ್ಲರ ಬಟ್ಟಲಿಗೂ ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ, ಹಾಗೆ ಸೂಪು ಬಡಿಸಿದರು. ದರ್ಜಿಗೆ ಹೆಚ್ಚಾಯಿತು, ಅವನ ಹೆಂಡತಿಗೆ ಸಾಲಲಿಲ್ಲ, ಔಷಧಿ ಅಂಗಡಿಯಾತ ಮೊದಲ ಗುಟುಕಿನ ನಂತರ ನಾಲಿಗೆ ಚಪ್ಪರಿಸಿ ಏನನ್ನೋ ಹುಡುಕಿ, ಸಿಗದೆ, ಸುಮ್ಮನೆ ಕುಡಿದ. ನಾದಿನಿ ತಿಂದಾದ ಮೇಲೆ ಬಟ್ಟಲಿನ ಒಳಮೈಯನ್ನು ಬೆರಳಿನಿಂದ ಸವರಿ ನೋಡಿದಳು. "ಮೊಸರು, ಹುಳಿ ಪದಾರ್ಥ ಹಾಕಿಟ್ಟು ದಿನಗಟ್ಟಲೆ ಬಿಡಬಾರದಂತೆ," ಎಂದಳು ಸಾಹೇಬರ ಹೆಂಡತಿ. ಈ ಬಾರಿ ಟೀಚರ ಮಾತನ್ನು ಪೂರ್ತಿ ಕೇಳಿಸಿಕೊಂಡಿದ್ದಳು. "ಫ್ರಿಜ್ಜಿಂದ ತೆಗೆದು ನೇರ ಬಿಸಿಗೆ ಇಡಬಾರದು. ತೊಳೆದು ಪೂರ್ತಿ ಒಣಗಿಸಬೇಕು." ನಾದಿನಿ ತಲೆಯಾಡಿಸಿದಳು. ಮನೆಗೆಲಸ ಪೂರ್ತಿ ಬರೆದುತಂದ ಹುಡುಗಿಗೆ ಸಿಗುವ ತಲೆಯಾಟ ಅದು.

ಎಲ್ಲರಿಗೂ ಬಡಿಸಿಯಾದ ಮೇಲೆ ಸಾಹೇಬರು ಕೂತರು. ಎರಡೂ ಅಂಗೈಯಲ್ಲಿ ಬಟ್ಟಲನ್ನು ಹಿಡಿದರು. ಆಕೆ ಎದುರಿಗೆ ಕೂತು, ತನ್ನ ಸೂಪು ಬಿಸಿಯಾಗಿರುವಾಗಲೇ ಕುಡಿಯುತ್ತ, ಗಂಡನ ಬೆರಳುಗಳನ್ನೇ ನೋಡಿದಳು. ಬಟ್ಟಲು ಮೇಲೆ ಕೆಳಗೆ ಆಡಲಿಲ್ಲ.

ಊಟವಾಗಿ ಎಲ್ಲರೂ ಹೋದ ಮೇಲೆ ಸಾಹೇಬರು ಬಟ್ಟಲು ತೊಳೆದರು. ದಂಡದಲ್ಲಿ ಅದು ಸೇರಿರಲಿಲ್ಲ. ಒಂದನ್ನು ಮಗುಚಿ, ಬುಡವನ್ನು ಬೆಳಕಿಗೆ ಹಿಡಿದು ಕೇಳಿದರು: "ಇಲ್ಲೇನೂ ಇಲ್ವಲ್ಲೇ."

"ಇನ್ನೇನಿರಬೇಕಿತ್ತು? ಇನ್ನೊಂದು ಗುಂಡಾ?"

"ಮಾಡಿದವರ ಗುರುತು. ಗುರುತಿಲ್ಲದ ಮಾಲು ಯಾರದ್ದು ಅಂತ ಗೊತ್ತಾಗೋದು ಹೇಗೆ?"

ಆಕೆ ಬುಡದ ಗುಳಿಯಲ್ಲಿ ಹೆಬ್ಬೆರಳಿಟ್ಟಳು. ಆ ಗುಳಿ ತನ್ನ ಹೆಬ್ಬೆರಳಿಗೆ ಸರಿಯಾಗಿ ಹಿಡಿಸುತ್ತದೆ ಎಂಬುದು ಅವಳಿಗೆ ಹೊಳೆದದ್ದು ಆಗಲೇ. ಹಸಿಮಣ್ಣಿನಲ್ಲಿ ಒಮ್ಮೆ ಒತ್ತಿದರೆ ಸಾಕು.

ಅಷ್ಟರಲ್ಲಿ ಫೋನ್ ರಿಂಗಾಯಿತು. ಆಕೆ ಬಟ್ಟಲು ಒರೆಸುತ್ತಿದ್ದಳು, ಕೈ ಬಿಡುವಿರಲಿಲ್ಲ. ಸಾಹೇಬರೇ ಎತ್ತಿದರು. ಆ ಕಡೆ ಟೀಚರು. ಪರೀಕ್ಷೆ ಏನಾಯಿತೆಂದು ಕೇಳುವುದಕ್ಕಿರಬೇಕು. ಮೊದಲು, ಮಾತಾಡುತ್ತಿರುವವರು ಯಾರು ಎಂದು ಕೇಳಿದಳೆಂದು ಕಾಣುತ್ತದೆ. ಸಾಹೇಬರು ಒಂದು ಕ್ಷಣ ಯೋಚಿಸಿದರು. ಅಡುಗೆಮನೆಯ ಕಡೆ ನೋಡಿದರು.

"ಬಟ್ಟಲು ಮಾಡ್ತಾರಲ್ಲ," ಎಂದರು, "ಅವರ ಗಂಡ."